ಹೆಚ್ಚಾದ ಅಕ್ಕಿ



ಕನ್ನಡದಲ್ಲಿ ನಾವು ದಿನಾ ಆಡುವ ಒಂದು ಮಾತಿದೆ: ಸಂಪಾದನೆ. ಗಂಡು ನೋಡಲು ಹೋದವರು ಕೇಳುತ್ತಾರೆ, ಬ್ಯಾಂಕಿನ ಸಾಲದ ಅರ್ಜಿ ಕೇಳುತ್ತದೆ, ಬಹಳ ದಿನದ ಮೇಲೆ ಬಸ್ಸಿನಲ್ಲಿ ಸಿಕ್ಕ ಗೆಳೆಯನೂ ಸುತ್ತಿ ಬಳಸಿ ಅಲ್ಲಿಗೇ ಬರುತ್ತಾನೆ. ಉತ್ತರ ರೂಪಾಯಿಯಲ್ಲಿರಬೇಕು. ಇದೇ ಮಾತನ್ನು ಹೆಸರಿನಲ್ಲಿಟ್ಟುಕೊಂಡ ಗ್ರಂಥವೊಂದು ನಮ್ಮಲ್ಲಿದೆ. 15ನೇ ಶತಮಾನದಿಂದ ಮುಂದೆ ನಾಲ್ವರು ಸಂಪಾದನಕಾರರು, ಒಬ್ಬರಾದ ಮೇಲೆ ಒಬ್ಬರು, ಶರಣರ ವಚನಗಳನ್ನು ಸಂವಾದವಾಗಿ ಹೆಣೆದು ಅದನ್ನು ಶೂನ್ಯಸಂಪಾದನೆ ಎಂದು ಕರೆದರು. ಅದರೊಳಗೆ ಒಬ್ಬೊಬ್ಬ ಶರಣನದೂ ಒಂದೊಂದು ಸಂಪಾದನೆ: ನುಲಿಯ ಚಂದಯ್ಯನದು, ಮೋಳಿಗೆಯ ಮಾರಯ್ಯನದು, ಆಯ್ದಕ್ಕಿ ಮಾರಯ್ಯನದು. ಹಗ್ಗ ಹೊಸೆದವನು, ಸೌದೆ ಹೊತ್ತು ಮಾರಿದವನು, ನೆಲಕ್ಕೆ ಚೆಲ್ಲಿದ ಅಕ್ಕಿ ಆಯ್ದವನು. ಇಂದಿನ ಆದಾಯ ಪ್ರಮಾಣಪತ್ರದಲ್ಲಿ ಈ ಮೂವರ ಸಂಪಾದನೆಯನ್ನು ಬರೆದಿದ್ದರೆ ಮೂವರಿಗೂ ಬಿಪಿಎಲ್ ಕಾರ್ಡು ಸಿಗುತ್ತಿತ್ತು.

ಒಂದೇ ಮಾತು ಇಷ್ಟು ದೂರದ ಎರಡು ದಡಗಳನ್ನು ಮುಟ್ಟಿದ್ದು ಹೇಗೆ ಎಂಬುದು ಭಾಷಾಶಾಸ್ತ್ರದ ಪ್ರಶ್ನೆಯಾದೀತು. ನಾನು ಕೇಳಬೇಕೆಂದಿರುವುದು ಅದಕ್ಕಿಂತ ಒರಟು ಪ್ರಶ್ನೆ. ದುಡಿದು, ಉಂಡು, ಉಟ್ಟ ಮೇಲೆ ಹೆಚ್ಚಾಗಿ ಉಳಿದದ್ದು ಯಾರದು? ಉಳಿದದ್ದೆಲ್ಲ ದುಡಿದವನದೇ, ಅದನ್ನು ಬೆಳೆಸುವುದೇ ಬುದ್ಧಿವಂತಿಕೆ, ಬೆಳೆಸದವನು ಮನೆ ನಡೆಸಲು ಬಾರದವನು ಎಂದು ನಾವು ತೀರ್ಮಾನಿಸಿ ಆಗಿದೆ. ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನ ಸುತ್ತಲಿನ ಸೀಮೆ ಈ ತೀರ್ಮಾನವನ್ನು ಅಷ್ಟು ಸಲೀಸಾಗಿ ಒಪ್ಪಿದ್ದಲ್ಲ.

ನೆಲದಿಂದಲೇ ಹೊರಡೋಣ. ಕೊಡೇಕಲ್ ಎಂದರೆ ಭಕ್ತರಿಗೆ ಕಾಲಜ್ಞಾನದ ಬಸವಣ್ಣ, ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಗದ್ದುಗೆ. ಪುರಾತತ್ವ ಓದಿದವರಿಗೆ ಅದು ಬೂದಿದಿಬ್ಬದ ಊರು. 1965–66ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಇಲ್ಲಿಯ ದಿಬ್ಬವನ್ನು ಅಗೆದು ನೋಡಿದರು. ನವಶಿಲಾಯುಗದ ದನಗಾಹಿಗಳು ನಾಲ್ಕೂವರೆ ಸಾವಿರ ವರ್ಷಗಳಿಗೂ ಹಿಂದೆ ಇಲ್ಲಿ ದೊಡ್ಡಿ ಕಟ್ಟಿಕೊಂಡಿದ್ದರು. ದನದ ಸಗಣಿ ಒಟ್ಟಿದರು, ಸುಟ್ಟರು. ಮತ್ತೆ ಒಟ್ಟಿದರು, ಮತ್ತೆ ಸುಟ್ಟರು. ಪದರದ ಮೇಲೆ ಪದರ ಬೂದಿ ಬಿದ್ದು ದಿಬ್ಬವೇ ಎದ್ದಿತು. ಕೆಲವೆಡೆ ಬೆಂಕಿಯ ಝಳಕ್ಕೆ ಸಗಣಿಯ ಬೂದಿಯೇ ಕರಗಿ ಗಾಜಿನ ಗಟ್ಟಿಯಂತಾಗಿದೆ. ಹಂಪಿಯ ಬಳಿ ಇಂಥದೇ ಒಂದು ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಜಾಗ ಎನ್ನುತ್ತಾರೆ. ಅಷ್ಟು ಬೂದಿ ಬರೀ ಸಗಣಿಯಿಂದ ಬಂದೀತೆಂದು ಯಾರಿಗೂ ನಂಬಿಕೆ ಹುಟ್ಟದಿರುವುದು ಸಹಜ.

ಏಕೆ ಸುಟ್ಟರು? ದೊಡ್ಡಿ ಚೊಕ್ಕಟ ಮಾಡಲು ಎಂದು ಕೆಲವು ವಿದ್ವಾಂಸರು, ಹಬ್ಬದ ಕಿಚ್ಚು ಎಂದು ಕೆಲವರು. ಎರಡನೆಯ ವಾದವನ್ನು ಬಲವಾಗಿ ಮಂಡಿಸಿದವರು ರೇಮಂಡ್ ಆಲ್ಚಿನ್. ದಕ್ಷಿಣ ಭಾರತದ ನವಶಿಲಾಯುಗದ ದನಗಾಹಿಗಳ ಮೇಲೆ 1963ರಲ್ಲಿ ಅವರ ಪುಸ್ತಕ ಬಂತು. ಹಳೆ ಮೈಸೂರು ಕಡೆ ಸಂಕ್ರಾಂತಿಯಂದು ದನಗಳಿಗೆ ಕಿಚ್ಚು ಹಾಯಿಸುವುದನ್ನು ಕಂಡವರಿಗೆ ಆ ವಾದ ತೀರ ಅಪರಿಚಿತ ಅನಿಸದು. ಈ ಚರ್ಚೆ ಬಿಟ್ಟು ನನಗೆ ಬೇಕಾದಷ್ಟನ್ನು ಮಾತ್ರ ಎತ್ತಿಕೊಳ್ಳುತ್ತೇನೆ. ದನ ಎಂಬ ಮಾತು ಧನದಿಂದಲೇ ಬಂದದ್ದು. ಆದರೆ ದನವೆಂಬ ಧನವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಾಗದು. ಅದಕ್ಕೆ ಮೇವು ಬೇಕು, ಮಡುವಿನ ನೀರು ಬೇಕು, ಕಾಯುವ ಹುಡುಗ ಬೇಕು. ಹುಲ್ಲುಗಾವಲು ತಾಳುವುದಕ್ಕಿಂತ ಹೆಚ್ಚು ಕೂಡಿಸಿದವನಿಗೆ ಮುಂದಿನ ಬರಗಾಲವೇ ಲೆಕ್ಕ ಒಪ್ಪಿಸುತ್ತಿತ್ತು. ಆ ಕಾಲದ ಸಿರಿವಂತಿಕೆಗೆ ಮಿತಿ ಒಳಗೇ ಇತ್ತು. ಕಾಳು ಬಂತು, ಹಗೇವು ಬಂತು, ನಾಣ್ಯ ಬಂತು, ಮಿತಿ ಹೊರಬಿತ್ತು. ಹತ್ತಿರದ ರಾಜನಕೊಳೂರಿನಲ್ಲಿ ಬೃಹತ್ ಶಿಲಾಯುಗದ ಕಲ್ಗೋರಿಗಳಿವೆ. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 19ನೇ ಶತಮಾನದಲ್ಲೇ ಅವನ್ನು ವರ್ಣಿಸಿದ. ಆ ಯುಗದ ಸಮಾಧಿಗಳಲ್ಲಿ ಸತ್ತವನ ಜತೆಗೆ ಮಡಕೆ, ಕಬ್ಬಿಣದ ಹತಾರ ಇಡುವ ರೂಢಿಯಿತ್ತು. ಸತ್ತ ಮೇಲೂ ನನ್ನದು ನನಗಿರಲಿ ಎಂಬ ಆಸೆಗೂ ನಮ್ಮ ನೆಲದಲ್ಲಿ ಸಾಕಷ್ಟು ವಯಸ್ಸಾಗಿದೆ.

ಇನ್ನು ಅಕ್ಕಿಯ ಮಾತಿಗೆ ಬರುತ್ತೇನೆ.

ಕೃಷ್ಣೆಯ ಆಚೆ ದಂಡೆಗೆ ಲಿಂಗಸೂಗೂರು ಸೀಮೆಯ ಅಮರೇಶ್ವರ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಅಲ್ಲಿಯವರು. ಇಬ್ಬರ ಅಂಕಿತದಲ್ಲೂ ಅಮರೇಶ್ವರಲಿಂಗವಿದೆ. 12ನೇ ಶತಮಾನದಲ್ಲಿ ಗಂಡಹೆಂಡಿರು ಕಲ್ಯಾಣಕ್ಕೆ ಹೋದರು. ಅಲ್ಲಿ ಮಾರಯ್ಯ ಹಿಡಿದ ಕಾಯಕ ಶರಣರ ಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಈ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಿ. ಕುಕ್ಕರಗಾಲಲ್ಲಿ ಕೂಡಬೇಕು. ಮಣ್ಣಿನಲ್ಲಿ ಹೂತ ಕಾಳನ್ನು ಎರಡು ಬೆರಳಿನ ತುದಿಯಲ್ಲಿ ಎತ್ತಬೇಕು. ಮುಷ್ಟಿ ತುಂಬುವ ಹೊತ್ತಿಗೆ ಅದರಲ್ಲಿ ಅರ್ಧ ಹರಳು, ಅರ್ಧ ನುಚ್ಚು. ಮನೆಗೆ ತಂದು ಮೊರದಲ್ಲಿ ಕೇರಿ ಹಸನು ಮಾಡಿದರೆ ನಿಲ್ಲುವುದು ಇನ್ನೂ ಕಡಿಮೆ. ಹಸನು ಮಾಡುವ ಕೈ ಯಾರದೋ ಅವರಿಗೆ ದಿನದ ಅಕ್ಕಿಯ ಅಳತೆ ಮುಷ್ಟಿಯಲ್ಲೇ ತಿಳಿಯುತ್ತದೆ, ಸೇರು ಪಾವು ಬೇಕಾಗುವುದಿಲ್ಲ. ಲಕ್ಕಮ್ಮನ ಅಧಿಕಾರ ಇಲ್ಲಿಂದ ಹುಟ್ಟಿತು ಎಂದು ನನ್ನ ನಂಬಿಕೆ. ಅವಳ ಮಾತಿನ ಹಿಂದೆ ಶಾಸ್ತ್ರಕ್ಕಿಂತ ಮೊದಲು ಮೊರ ಇದೆ.

ಕಥೆ ನಿಮಗೆ ಗೊತ್ತಿದ್ದದ್ದೇ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಕಲ್ಯಾಣದ ಬಸವಣ್ಣನೇ ಕರುಣೆಯಿಂದ ಹೆಚ್ಚು ಚೆಲ್ಲಿಸಿದ್ದ ಎಂದು ಪರಂಪರೆ ಹೇಳುತ್ತದೆ. ಲಕ್ಕಮ್ಮ ಮೊರ ಹಿಡಿಯಲಿಲ್ಲ. ಇದು ನಮ್ಮ ಅಳತೆಯಲ್ಲ, ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದಳು. ಅತಿಯಾಸೆ ಸಿಂಹಾಸನದ ಮೇಲೆ ಕೂತವರಿಗೆ ಒಪ್ಪೀತು, ನಮಗೇಕೆ ಎಂಬುದು ಅವಳ ಮಾತಿನ ಭಾವ. ಅವಳ ವಚನಗಳು ನಮಗೆ ಸಿಕ್ಕಿರುವುದು ಇಪ್ಪತ್ತೈದರಷ್ಟು. ಅವುಗಳಲ್ಲಿ ಈ ಬಿರುಸು ಮತ್ತೆ ಮತ್ತೆ ಕೇಳುತ್ತದೆ.

ಇದೇ ಲಕ್ಕಮ್ಮ ಇನ್ನೊಂದು ಸಂದರ್ಭದಲ್ಲಿ ಗಂಡನನ್ನು ಕೆಲಸಕ್ಕೆ ಅಟ್ಟಿದವಳು. ಮಾರಯ್ಯ ಅನುಭಾವದ ಮಾತಿನಲ್ಲಿ ಮೈಮರೆತು ಕೂತಿದ್ದಾಗ ಕಾಯಕ ನಿಂತುಹೋಯಿತೆಂದು ನೆನಪಿಸಿ ಎಬ್ಬಿಸಿದಳು. ಎರಡೂ ಪ್ರಸಂಗ ಸೇರಿಸಿ ಓದಿದರೆ ಮಾತ್ರ ಅವಳ ಅರ್ಥಶಾಸ್ತ್ರ ಪೂರ್ತಿಯಾಗುತ್ತದೆ. ಕಡಿಮೆ ದುಡಿದು ಹೆಚ್ಚು ಮಾತಾಡುವುದು ಅವಳಿಗೆ ಎಷ್ಟು ಸಲ್ಲದೋ, ಬೇಕಾದದ್ದಕ್ಕಿಂತ ಹೆಚ್ಚು ತರುವುದೂ ಅಷ್ಟೇ ಸಲ್ಲದು. ಈ ಅರ್ಥಶಾಸ್ತ್ರದಲ್ಲಿ ಹೆಂಡತಿಯೇ ಲೆಕ್ಕಪರಿಶೋಧಕಿ; ಆಕ್ಷೇಪಣೆ ಎತ್ತುವವಳೂ ಅವಳೇ, ವಸೂಲಿ ಆದೇಶ ಹೊರಡಿಸುವವಳೂ ಅವಳೇ.

ಈಗ ಒಂದು ತಕರಾರು ದಾಖಲಿಸಬೇಕು. ಕಾಯಕವನ್ನು ಕೈಲಾಸಕ್ಕೆ ಸರಿಗಟ್ಟಿದ ಆ ಪ್ರಸಿದ್ಧ ಘೋಷವಾಕ್ಯ ನಮ್ಮ ಶಾಲೆ, ಕಾರ್ಖಾನೆ, ಬಸ್ ಡಿಪೊ, ಸಹಕಾರಿ ಬ್ಯಾಂಕುಗಳ ಗೋಡೆಯ ಮೇಲೆಲ್ಲ ಇದೆ. ಬಹುತೇಕ ಕಡೆ ಅದರ ಕೆಳಗೆ ಬಸವಣ್ಣನವರ ಹೆಸರು. ಆ ಮಾತು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಹೆಸರು ಅದಲುಬದಲಾದದ್ದು ಸಣ್ಣ ತಪ್ಪು. ನೆಲದ ಅಕ್ಕಿ ಆಯ್ದವನ ಮಾತು ಮಂತ್ರಿಯಾಗಿದ್ದವನ ಖಾತೆಗೆ ಜಮಾ ಆಗುವುದು ಲೋಕದ ರೂಢಿಯೇ. ನನ್ನ ತಕರಾರು ಬೇರೆ. ಗಂಡನ ಮಾತನ್ನು ಗೋಡೆಗೆ ಬರೆದೆವು, ಹೆಂಡತಿಯ ಆಜ್ಞೆಯನ್ನು ಕಥೆಯ ಪುಸ್ತಕದಲ್ಲಿಟ್ಟೆವು. ದುಡಿ ಎಂಬ ಅರ್ಧ ಉಳಿಯಿತು, ಹೆಚ್ಚಾದದ್ದನ್ನು ಹಿಂದಕ್ಕೆ ಸುರಿ ಎಂಬ ಅರ್ಧ ಕಳಚಿಬಿತ್ತು. ಬರೀ ಮೊದಲಿನ ಅರ್ಧ ಯಾರಿಗೆ ಅನುಕೂಲ ಎಂದು ಕೇಳಿಕೊಂಡರೆ, ಅದು ದುಡಿಯುವವನಿಗಿಂತ ದುಡಿಸುವವನಿಗೇ ಹೆಚ್ಚು ರುಚಿಸುತ್ತದೆ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ಎನ್.ಆರ್. ನಾರಾಯಣ ಮೂರ್ತಿ ಅವರು ದೇಶದ ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ದೊಡ್ಡ ಚರ್ಚೆಯೇ ನಡೆಯಿತು. ಗಂಟೆಗಳ ಲೆಕ್ಕವನ್ನು ಎಲ್ಲರೂ ಮಾಡಿದರು. ಆ ಎಪ್ಪತ್ತು ಗಂಟೆಯ ಹೆಚ್ಚಾದ ಅಕ್ಕಿ ಯಾರ ಮನೆಯ ಹಗೇವಿಗೆ ಹೋಗುತ್ತದೆ ಎಂಬ ಲಕ್ಕಮ್ಮನ ಪ್ರಶ್ನೆ ಅಷ್ಟು ಗಟ್ಟಿಯಾಗಿ ಕೇಳಿಸಲಿಲ್ಲ.

ಕಾಯಕವನ್ನು ಪಶ್ಚಿಮದ ಪ್ರಾಟೆಸ್ಟಂಟ್ ಶ್ರಮನಿಷ್ಠೆಯೊಂದಿಗೆ ಹೋಲಿಸುವುದು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಹಳೆಯ ಪಾಠ. ಮ್ಯಾಕ್ಸ್ ವೆಬರ್ 1904–05ರಲ್ಲಿ ಬರೆದ ಪ್ರಬಂಧಗಳಲ್ಲಿ ಈ ನಿಷ್ಠೆಯೇ ಬಂಡವಾಳಶಾಹಿಯ ಬೆನ್ನೆಲುಬಾದ ಬಗೆಯನ್ನು ಹೇಳಿದ. ದೇವರ ಕರೆಯೆಂದು ದುಡಿ, ಮಿತವಾಗಿ ಉಣ್ಣು. ಉಳಿದದ್ದು ತಾನಾಗಿಯೇ ಬಂಡವಾಳವಾಗುತ್ತದೆ. ಮೊದಲ ಎರಡು ಮಾತಿನವರೆಗೆ ಶರಣರ ಕಲ್ಯಾಣವೂ ಪ್ರಾಟೆಸ್ಟಂಟರ ಜಿನೀವಾವೂ ಕೈ ಹಿಡಿದು ನಡೆಯುತ್ತವೆ. ಮೂರನೆಯದಕ್ಕೆ ಬಂದಾಗ ಲಕ್ಕಮ್ಮ ಕೈ ಬಿಡಿಸಿಕೊಳ್ಳುತ್ತಾಳೆ. ನಮ್ಮ ಹೋಲಿಕೆಯ ಪಾಠ ಅಲ್ಲಿಗೆ ಮುಟ್ಟುವ ಮೊದಲೇ ಮುಗಿದುಹೋಗುತ್ತದೆ.

ಅವಳು ಹೆಚ್ಚಾದದ್ದನ್ನು ದಾನ ಮಾಡು ಎನ್ನಲಿಲ್ಲ ಎಂಬುದನ್ನೂ ಗಮನಿಸಬೇಕು. ದಾನದಲ್ಲಿ ಕೊಟ್ಟವನ ಹೆಸರು ಉಳಿಯುತ್ತದೆ. ದಾನ ಕೊಡಲು ಮೊದಲು ಅದು ನನ್ನದಾಗಿರಬೇಕು. ಲಕ್ಕಮ್ಮ ಆ ಅಕ್ಕಿಯನ್ನು ತಮ್ಮದೆಂದು ಒಪ್ಪಲೇ ಇಲ್ಲ. ಈ ವ್ಯತ್ಯಾಸದ ಗುಟ್ಟು ನಮ್ಮ ಸೀಮೆಯ ಮುದನೂರಿನ ಕಥೆಯಲ್ಲಿದೆ. ನೇಕಾರ ದಾಸಿಮಯ್ಯನ ಊರು, ರಾಮನಾಥನ ಗುಡಿಯ ಊರು. (ಜೇಡರ ದಾಸಿಮಯ್ಯ, ದೇವರ ದಾಸಿಮಯ್ಯ ಒಬ್ಬರೋ ಇಬ್ಬರೋ ಎಂಬ ವಿದ್ವಾಂಸರ ಜಗಳಕ್ಕೆ ನಾನು ಹೋಗುವುದಿಲ್ಲ.) ನೇಯ್ದ ಬಟ್ಟೆಯನ್ನು ಜಂಗಮನಿಗೆ ಕೊಟ್ಟು ಬರಿಗೈಯಲ್ಲಿ ಬಂದ ದಾಸಿಮಯ್ಯನಿಗೆ ಶಿವ ತವನಿಧಿ ಕೊಟ್ಟ ಎಂದು ಪುರಾಣ. ತೆಗೆದಷ್ಟೂ ತೀರದ ನಿಧಿ. ಮುಂದೆ ದಾಸಿಮಯ್ಯ ಕಾಯಕದಿಂದ ಹೊಟ್ಟೆ ಹೊರೆಯುವ ಶಂಕರ ದಾಸಿಮಯ್ಯನನ್ನು ಬಡವನೆಂದು ಬಗೆದು ತನ್ನ ನಿಧಿಯಿಂದ ಕೊಡಹೋದ. ಕೊಡುವೆನೆಂಬ ಹಮ್ಮು ಬಂದದ್ದೇ ತಡ, ತವನಿಧಿ ಬರಿದಾಯಿತು. ನೇಯ್ದ ಬಟ್ಟೆ ಕೊಟ್ಟಾಗ ತುಂಬಿದ್ದು, ತಾನಾಗಿ ಬಂದ ನಿಧಿಯನ್ನು ಕೊಡಹೋದಾಗ ತೀರಿತು. ನನ್ನ ಈ ಉಪನ್ಯಾಸಕ್ಕೆ ಆಸರೆಯಾದ ದತ್ತಿಯೂ ದಾನದ ಕುಲದ್ದೇ. ಅಸಲು ಬ್ಯಾಂಕಿನಲ್ಲಿರುತ್ತದೆ, ಬಡ್ಡಿ ಮಾತಾಡುತ್ತದೆ. ಬಡ್ಡಿಯ ಬಲದಿಂದ ನಿಂತು ಲಕ್ಕಮ್ಮನ ಪರವಾಗಿ ವಾದಿಸುತ್ತಿರುವ ನನ್ನ ಸ್ಥಿತಿಯ ವಿನೋದ ನನಗೂ ಅರಿವಿದೆ.

ಹಾಗೆಂದು ಕಲ್ಯಾಣವನ್ನು ಹೊಗಳಿ ಕೂರಲೂ ಕೊಡೇಕಲ್ ಬಿಡುವುದಿಲ್ಲ. ದಾಸೋಹ ಹದಗೆಟ್ಟರೆ ಏನಾಗುತ್ತದೆಂದು ಕಟುವಾಗಿ ಹಾಡಿದವರು ಮಂಟೇಸ್ವಾಮಿ ಕಾವ್ಯದ ನೀಲಗಾರರು. ಮಂಟೇಸ್ವಾಮಿಯ ಪರಂಪರೆಗೂ ಕೊಡೇಕಲ್ಲಿಗೂ ನಂಟಿದೆ ಎಂದು ಹಲವು ಸಂಶೋಧಕರು ಗುರುತಿಸಿದ್ದಾರೆ. ಚಾಮರಾಜನಗರ, ಮಂಡ್ಯದ ಸೀಮೆಯಲ್ಲಿ ಇಂದಿಗೂ ಹಾಡುವ ಆ ಕಾವ್ಯದಲ್ಲಿ ಮಂಟೇಸ್ವಾಮಿ ಕಲ್ಯಾಣದ ಬಾಗಿಲಿಗೆ ಬರುವುದು ಕೀವು ಸೋರುವ ಮೈಯಲ್ಲಿ, ಮುಟ್ಟಬಾರದವನ ವೇಷದಲ್ಲಿ. ಒಳಗೆ ಬಸವಣ್ಣನ ಅನ್ನ ಉಂಡು ಕೊಬ್ಬಿದ ಜಂಗಮರ ದಂಡೇ ಇದೆ. ಅವರು ಅವನನ್ನು ಬಡಿದು ಅಟ್ಟುತ್ತಾರೆ. ಹಂಚಿ ತಿನ್ನುವ ಮನೆಯೂ ಬಾಗಿಲು ಕಾಯುವ ಮನೆಯಾಗಬಹುದು. ಹಂಚಿಕೆಯ ಹೆಸರಿನಲ್ಲೇ ಪುಕ್ಕಟೆ ಉಣ್ಣುವವರ ಒಂದು ಜಾತಿ ಹುಟ್ಟಬಹುದು. ಇದನ್ನು ಹೇಳಲು ಪಂಡಿತರ ಭಾಷ್ಯ ಬೇಕಾಗಲಿಲ್ಲ, ತಂಬೂರಿ ಸಾಕಾಯಿತು. ಅದೇ ಕಾವ್ಯದಲ್ಲಿ ಹಲಗೂರಿನ ಪಾಂಚಾಳರು ಕುಲುಮೆಯ ತುಂಬ ಕಬ್ಬಿಣವಿಟ್ಟುಕೊಂಡು ಮಂಟೇಸ್ವಾಮಿಗೆ ಇಲ್ಲವೆನ್ನುತ್ತಾರೆ. ಅದನ್ನು ತರಲು ಹೋದ ಶಿಷ್ಯ ಸಿದ್ಧಪ್ಪಾಜಿ ಅದೇ ಪಾಂಚಾಳ ಕುಲದವನೇ. ಸ್ವಂತ ಕುಲದವರ ಕಬ್ಬಿಣಕ್ಕಾಗಿ ಭಿಕ್ಷೆಗೆ ನಿಂತವನ ಚಿತ್ರಕ್ಕಿಂತ ತೀಕ್ಷ್ಣವಾಗಿ ಆಸ್ತಿಯ ಸ್ವಭಾವವನ್ನು ತೋರಿಸಿದ ಕಾವ್ಯ ಕನ್ನಡದಲ್ಲಿ ವಿರಳ. ಚಿಕ್ಕಲ್ಲೂರಿನ ಜಾತ್ರೆಯಲ್ಲಿ ಇಂದಿಗೂ ಪಂಕ್ತಿಸೇವೆ ನಡೆಯುತ್ತದೆ, ಜಾತಿ ನೋಡದೆ ಒಂದೇ ಸಾಲಿನಲ್ಲಿ ಉಣ್ಣುತ್ತಾರೆ.

ಇಷ್ಟು ಕೇಳಿದ ಮೇಲೆ ನಿಮ್ಮಲ್ಲಿ ಯಾರಾದರೂ, ಬಡವರಿಗೆ ಇನ್ನಷ್ಟು ಬಡತನದ ಉಪದೇಶವೇ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಯಾದಗಿರಿ ಜಿಲ್ಲೆಯಿಂದ ವರ್ಷವೂ ಕುಟುಂಬ ಕುಟುಂಬಗಳೇ ಗುಳೆ ಹೋಗುತ್ತವೆ. ಬೆಂಗಳೂರಿನಲ್ಲಿ, ಪುಣೆ ಮುಂಬಯಿಯಲ್ಲಿ ಬೇರೆಯವರ ಮನೆ ಕಟ್ಟುತ್ತವೆ. ಇತ್ತ ಅವರ ಮನೆಗೆ ಬೀಗ, ಇಲ್ಲವೆ ಮುದುಕಿಯೊಬ್ಬಳು ಮೊಮ್ಮಕ್ಕಳೊಡನೆ. ಮುಂಗಡ ಇಸಕೊಂಡು ಹೋದವನಿಗೆ ಮಿತಿ ಕಲಿಸುವ ಅಗತ್ಯವಿಲ್ಲ, ಮಿತಿಯನ್ನು ಅವನ ಮೇಲೆ ಬೇರೆಯವರೇ ಹೇರಿ ಆಗಿದೆ. ಜೀತಪದ್ಧತಿ ರದ್ದತಿ ಕಾಯಿದೆ 1976ರಲ್ಲೇ ಬಂದರೂ ಮುಂಗಡದ ನೊಗ ಇಳಿದಿಲ್ಲ. ಲಕ್ಕಮ್ಮ ಸಾಕು ಎಂದದ್ದು ತಮ್ಮ ಕಾಯಕವನ್ನು ತಾವೇ ಆರಿಸಿಕೊಂಡ ಮನೆಯಲ್ಲಿ ನಿಂತು. ಸಾಕು ಎನ್ನಲೂ ಒಂದು ಸ್ವಾತಂತ್ರ್ಯ ಬೇಕು. ಆ ಸ್ವಾತಂತ್ರ್ಯವಿಲ್ಲದವನಿಗೆ ಅವಳ ಕಥೆ ಹೇಳುವುದು ಅವಳಿಗೇ ಅವಮಾನ. ಅವಳ ಮಾತು ಇಂದು ಯಾರ ಕಿವಿಗೆ ಬೀಳಬೇಕೋ ಅವರು ಕಾಲುವೆಯ ಮೇಲ್ಭಾಗದಲ್ಲಿದ್ದಾರೆ. ಇದನ್ನು ಅಲಂಕಾರಕ್ಕೆ ಹೇಳುತ್ತಿಲ್ಲ.

ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಆಲಮಟ್ಟಿಯಲ್ಲಿ ಲಾಲ್ ಬಹಾದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟರು. ನಾರಾಯಣಪುರದ ಅಣೆಕಟ್ಟು 1982ರಲ್ಲಿ ಮುಗಿಯಿತು. ಅದಕ್ಕೆ ಬಸವಸಾಗರವೆಂದು ಹೆಸರು. ಎಡದಂಡೆಯ ಕಾಲುವೆ ಸುರಪುರ, ಶಹಾಪುರ ಸೀಮೆಯ ಎರೆಹೊಲಕ್ಕೆ ನೀರು ತಂದಿತು. ಯೋಜನೆ ಬರೆದವರ ಲೆಕ್ಕದಲ್ಲಿದ್ದದ್ದು ಹಗುರ ನೀರಾವರಿ: ಜೋಳ, ಸಜ್ಜೆ, ಶೇಂಗಾ, ಹತ್ತಿ, ತೊಗರಿ. ಒಬ್ಬನಿಗೆ ಸ್ವಲ್ಪ, ಬಹಳ ಜನಕ್ಕೆ. ನೀರು ಕಂಡ ಕೂಡಲೇ ಕಾಲುವೆಯ ಬಾಯಿ ಹತ್ತಿರದ ಹೊಲಗಳು ಗದ್ದೆಯಾದವು. ಬತ್ತದ ದುಡ್ಡು ಕೈಗೆ ಹತ್ತಿತು. ತಗಡಿನ ಮನೆ ಆರ್‌ಸಿಸಿ ಆಯಿತು, ಮದುವೆಗೆ ತೊಲೆಗಳ ಲೆಕ್ಕ ಏರಿತು. ತಪ್ಪು ಎನ್ನಲು ನನಗೆ ಬಾಯಿ ಬಾರದು. ತಲೆಮಾರುಗಟ್ಟಲೆ ಬರ ಕಂಡವರು ಅವರು, ಬಿಳಿ ಅನ್ನ ಹಬ್ಬಕ್ಕೆ ಮಾತ್ರ ಕಂಡವರು. ಆದರೆ ಬಾಯಲ್ಲಿ ನಿಂತ ನೀರು ಬಾಲಕ್ಕೆ ಮುಟ್ಟುವುದಿಲ್ಲ. ಕೊನೆಭಾಗದ ರೈತ ಪ್ರತಿ ಹಂಗಾಮಿಗೂ ರಸ್ತೆಗೆ ಇಳಿಯುತ್ತಾನೆ, ನೀರಾವರಿ ಸಲಹಾ ಸಮಿತಿ ಕೂಡುತ್ತದೆ, ಇಷ್ಟು ದಿನ ಚಾಲೂ ಇಷ್ಟು ದಿನ ಬಂದ್ ಎಂದು ವಾರಾಬಂದಿ ಬರೆಯುತ್ತದೆ, ರಾತ್ರಿ ತೂಬಿನ ಬಳಿ ಸಲಿಕೆಗಳು ಬೇರೆಯದೇ ಆದೇಶ ಬರೆಯುತ್ತವೆ. ಮೇಲ್ಭಾಗದಲ್ಲೂ ಸುಖವಿಲ್ಲ, ನೀರು ನಿಂತ ಎರೆ ಸವಳು ಹಿಡಿಯುತ್ತದೆ. ಹೆಚ್ಚಾದ ಅಕ್ಕಿ ಇಲ್ಲಿ ನುಡಿಯ ಚಮತ್ಕಾರವಾಗಿ ಉಳಿದಿಲ್ಲ. ಅದು ಗದ್ದೆಯಲ್ಲಿ ಕಣ್ಣಿಗೆ ಕಾಣುವಂತೆ ಬೆಳೆದು ನಿಂತಿದೆ, ಅದರ ನೀರು ಯಾರ ಹೊಲದ್ದೆಂಬುದೂ ಎಲ್ಲರಿಗೂ ಗೊತ್ತು. ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿ ಎಂಬ ಮಾತನ್ನು ನೀರಾವರಿಯ ಭಾಷೆಗೆ ತಂದರೆ ತೂಬು ಇಳಿಸುವುದು ಎಂದಷ್ಟೇ ಅರ್ಥ.

ಹಿಂದೆ ನಮ್ಮ ಕಣಗಳಲ್ಲಿ ರಾಶಿ ಮನೆಗೆ ಹೋಗುವ ಮೊದಲು ಬಡಿಗೇರ, ಕಮ್ಮಾರ, ಕುಂಬಾರ, ಅಗಸರಿಗೆ ಆಯ ಅಳೆಯುತ್ತಿದ್ದರು. ಆ ಕಾಲ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಯಾರಿಗೆ ಮೊರದ ತುಂಬ, ಯಾರಿಗೆ ಕಣದ ಕಸದೊಳಗಿನ ಕಾಳು ಎಂಬುದನ್ನು ಜಾತಿಯೇ ನಿರ್ಧರಿಸುತ್ತಿತ್ತು. ಆದರೂ ರಾಶಿ ಒಬ್ಬನದೇ ಅಲ್ಲ ಎಂಬ ಒಪ್ಪಿಗೆಯೊಂದು ಕಣದಲ್ಲಿ ಎಲ್ಲರ ಕಣ್ಣೆದುರಿಗೆ ನಡೆಯುತ್ತಿತ್ತು. ಕೊಯಿಲಾದ ಹೊಲದಲ್ಲಿ ಬಿದ್ದ ತೆನೆ ಆಯುವುದಕ್ಕೆ ಹಕ್ಕಲು ಎನ್ನುತ್ತೇವೆ. ಮಹಾಭಾರತದಲ್ಲಿ ಧರ್ಮರಾಯನ ಯಾಗಕ್ಕೆ ಬಂದ ಅರ್ಧ ಚಿನ್ನದ ಮುಂಗುಸಿ ಹೊಗಳಿದ್ದು ಹೀಗೆ ಕಾಳು ಆಯ್ದು ಬದುಕಿದ ಒಂದು ಸಂಸಾರವನ್ನೇ. ಅಲ್ಲಿ ಅದು ಬ್ರಾಹ್ಮಣನ ವ್ರತ, ಉಂಛವೃತ್ತಿ ಎಂಬ ಘನವಾದ ಹೆಸರಿನದು. ನಮ್ಮ ಹೊಲಗಳಲ್ಲಿ ಅದಕ್ಕೆ ಯಾವ ಘನತೆಯೂ ಇರಲಿಲ್ಲ. ಭೂಮಿಯಿಲ್ಲದ ಹೆಂಗಸರು ಉಡಿ ಕಟ್ಟಿಕೊಂಡು ಬರುತ್ತಿದ್ದರು, ಹೊಲದವನು ಕಂಡೂ ಕಾಣದಂತೆ ಬೇರೆ ಕಡೆ ಮುಖ ಮಾಡುತ್ತಿದ್ದ.

ಈಗ ಬತ್ತ ಕೊಯ್ಯಲು ಯಂತ್ರ ಬರುತ್ತದೆ. ಒಂದು ಕಡೆಯಿಂದ ನುಂಗಿ ಇನ್ನೊಂದು ಕಡೆಯಿಂದ ಟ್ರ್ಯಾಕ್ಟರಿಗೆ ಕಾಳು ಸುರಿಯುತ್ತದೆ. ಲಾರಿ ಗದ್ದೆಯ ಬದುವಿಗೇ ನಿಂತಿರುತ್ತದೆ. ಕಣವೂ 'ಹಕ್ಕಲು' ಎಂಬ ಮಾತೂ ಬಳಕೆ ತಪ್ಪುತ್ತಿವೆ. ಚಕ್ರದ ಗುಂಡಿಯಲ್ಲಿ ಹೂತ ನಾಲ್ಕು ತೆನೆಗಾಗಿ ಯಾರಾದರೂ ಉಡಿ ಕಟ್ಟಿ ಬಂದರೂ ಹೊತ್ತು ಮೀರಿರುತ್ತದೆ. ಮುಂದಿನ ಬೆಳೆಗೆ ತಡವಾಗುತ್ತದೆಂದು ಹುಲ್ಲಿಗೆ ಬೆಂಕಿ ಕೊಟ್ಟಿರುತ್ತಾರೆ. ಬೂದಿದಿಬ್ಬದ ಊರಿನ ಸುತ್ತ ಸಂಜೆಯ ಹೊತ್ತಿಗೆ ಮತ್ತೆ ಬೂದಿ ಹಾರುತ್ತದೆ, ಒಬ್ಬೊಬ್ಬರ ಗದ್ದೆಯದು ಒಂದೊಂದು ಹೊಗೆ.